ಒಡಹುಟ್ಟಿದ ಎಂಜಿನ್ನುಗಳು

ಕರ್ನೂಲಿನಿಂದ ಉತ್ತರಕ್ಕೆ ಹೊರಟು ತುಂಗಭದ್ರೆಯ ಸೇತುವೆ ದಾಟಿದರೆ ತೆಲಂಗಾಣ. ಪುಲ್ಲೂರಿನ ಟೋಲು, ಆಲಂಪುರ ಚೌರಸ್ತಾ, ಉಂಡವಳ್ಳಿ, ಎಲ್ಲ ಒಂದರ ಬೆನ್ನಿಗೊಂದು ಸಿಗುತ್ತವೆ. ಗುಹೆಗಳ ಉಂಡವಳ್ಳಿ ಬೇರೆ, ಅದಿರುವುದು ವಿಜಯವಾಡದ ಹತ್ತಿರ. ಇದು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಊರು. 2016ರಲ್ಲಿ ಮಹಬೂಬನಗರದಿಂದ ಬೇರೆಯಾದ ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿದ್ದು. ಬಾದಾಮಿ ಚಾಲುಕ್ಯರು ಕಟ್ಟಿದ ನವಬ್ರಹ್ಮ ದೇವಾಲಯಗಳನ್ನು ನೋಡಲು ಹೋಗುವವರು ಇಲ್ಲಿಂದಲೇ ಆಲಂಪುರಕ್ಕೆ ತಿರುಗುತ್ತಾರೆ. ಉಳಿದವರಿಗೆ ಇದು ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಕಿಟಕಿಯಾಚೆ ಸರಿದುಹೋಗುವ ಒಂದು ಊರು.

ಒಂದು ಏಪ್ರಿಲ್ ಮಧ್ಯಾಹ್ನ ನಾನು ಅಲ್ಲಿ ಎರಡು ತಾಸು ಕಳೆದೆ. ಗೆಳೆಯರೊಬ್ಬರ ಎಂಜಿ-ಎ ಕಾರಿನಲ್ಲಿ ಹೈದರಾಬಾದಿಗೆ ಹೊರಟಿದ್ದೆವು. ಎರಡೇ ಸೀಟು, ತೆರೆದ ಮೈ, 1950ರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಚಹಾದಂಗಡಿಯ ಮುಂದೆ ನಿಲ್ಲಿಸಿ ಒಂದು ಕಪ್ ಚಹಾ ಕುಡಿದು ಬರುವಷ್ಟರಲ್ಲಿ ಕಾರು ಮುನಿಸಿಕೊಂಡಿತ್ತು. ಸ್ಟಾರ್ಟರ್ ಗಿರಗಿರ ತಿರುಗುತ್ತದೆ, ಎಂಜಿನ್ನು ಹಿಡಿಯುವುದಿಲ್ಲ. ಹಿಂದಿನಿಂದ ಪೆಟ್ರೋಲ್ ಪಂಪು ಮಾತ್ರ ಟಿಕ್ ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಪಕ್ಕದ ತಗಡಿನ ಶೆಡ್ಡಿನಿಂದ ಒಬ್ಬ ಹಿರಿಯರು ಕೈ ಒರೆಸಿಕೊಳ್ಳುತ್ತ ಬಂದರು. ಎಪ್ಪತ್ತರ ಆಚೀಚೆಯ ವಯಸ್ಸು. ತೆಲುಗಿನಲ್ಲಿ ಮಾತು ಶುರುಮಾಡಿದವರು ನಂಬರ್ ಪ್ಲೇಟ್ ನೋಡಿ ರಾಯಚೂರಿನ ಕನ್ನಡಕ್ಕೆ ತಿರುಗಿದರು. ಬಾನೆಟ್ ಎತ್ತಿಸಿ, ಒಂದು ಗಳಿಗೆ ದಿಟ್ಟಿಸಿ ನೋಡಿದರು.

"ಇದು ಅಂಬಾಸಿಡರ್ ಇಂಜನ್ ಅಲ್ಲೇನ್ರಿ ಸರ? ಕಾರ್ಬೋರೇಟ್ರು ಎರಡು ಅದಾವ, ಅಷ್ಟೇ."

"ಹೌದ್ರಿ ಮಿಸ್ತ್ರಿ, ಎರಡೂ ಅಣ್ಣ ತಮ್ಮ" ಅಂದೆ.

"ಹಂಗಾದ್ರ ಬಿಸಿಲು ಬಡದದ ಇದಕ್ಕ. ಬಾನೆಟ್ ಮುಚ್ಚಬ್ಯಾಡ್ರಿ." ಗೋಣಿಯ ತುಂಡೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಎರಡು ಕಾರ್ಬ್ಯುರೇಟರುಗಳ ಪಕ್ಕದ ಪೆಟ್ರೋಲ್ ಬಟ್ಟಲುಗಳ ಮೇಲೆ ಹೊದಿಸಿದರು.

ಅವರು ಆ ಎಂಜಿನ್ನನ್ನು ಗುರುತು ಹಿಡಿದ ಬಗೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಶ್ರೀಮಂತರ ಆಟಿಕೆ, ನಮ್ಮ ರಸ್ತೆಗೆ ಸಂಬಂಧವಿಲ್ಲದ ವಸ್ತು ಎಂದು ತಿಳಿದವರೇ ಹೆಚ್ಚು. ಬಾನೆಟ್ ಎತ್ತಿದರೆ ಬೇರೆಯದೇ ಕಥೆ ಕಾಣಿಸುತ್ತದೆ. ಒಳಗಿರುವುದು ನಮ್ಮೂರಿನ ಬಾಡಿಗೆ ಟ್ಯಾಕ್ಸಿಯ, ಹೊಲದ ಟ್ರ್ಯಾಕ್ಟರಿನ ದಾಯಾದಿಗಳು.

ಲೆಕ್ಕ ನೋಡಿ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತನ್ನ ಮಧ್ಯಮ ಗಾತ್ರದ ಕಾರುಗಳಿಗೆಂದು ಮಾಡಿದ್ದು ಬಿ-ಸೀರೀಸ್ ಎಂಬ ನಾಲ್ಕು ಸಿಲಿಂಡರಿನ ಎಂಜಿನ್ನು. ಸಿಲಿಂಡರಿನ ಅಗಲ 73 ಮಿಲಿಮೀಟರು, ಪಿಸ್ಟನ್ನಿನ ಓಟ 88.9 ಮಿಲಿಮೀಟರು, ಅಂದರೆ ಸರಿಯಾಗಿ ಮೂರೂವರೆ ಇಂಚು. ನಾಲ್ಕೂ ಸೇರಿ 1489 ಸಿಸಿ. 1955ರಲ್ಲಿ ಬಂದ ಎಂಜಿ-ಎ ಕಾರಿಗೆ ಇದನ್ನೇ ಕೂರಿಸಿದರು. ಕೋಲ್ಕತ್ತದ ಬಳಿ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಮಾಡಿದ ಅಂಬಾಸಿಡರಿಗೂ ಕೆಲವೇ ವರ್ಷಗಳಲ್ಲಿ ಇದೇ ಅಳತೆಯ ಎಂಜಿನ್ನು ಬಂತು. 1962ರ ಎಂಜಿ-ಬಿ ಕಾರಿನಲ್ಲಿ ಪಿಸ್ಟನ್ನಿನ ಓಟ ಅದೇ 88.9 ಮಿಲಿಮೀಟರಿಗೆ ನಿಂತಿತು. ಅಗಲ ಮಾತ್ರ 80.26 ಮಿಲಿಮೀಟರಿಗೆ ಹಿಗ್ಗಿ ಸಾಮರ್ಥ್ಯ 1798 ಸಿಸಿಗೆ ಏರಿತು.

ಹಾಗಿದ್ದರೆ ಒಂದು ಮದುವೆಮನೆಯವರನ್ನು ಹೊತ್ತು ಸಾಗುವ ಕಾರು, ಇನ್ನೊಂದು ಸ್ಪೋರ್ಟ್ಸ್ ಕಾರು ಆದದ್ದು ಹೇಗೆ? ಮೂರು ಬದಲಾವಣೆಗಳಿಂದ. ಅಂಬಾಸಿಡರಿನ ಎಂಜಿನ್ನು ಗಾಳಿ ಮತ್ತು ಪೆಟ್ರೋಲನ್ನು ಸುಮಾರು ಏಳನೇ ಒಂದು ಭಾಗಕ್ಕೆ ಅದುಮಿದರೆ, ಎಂಜಿ-ಎ ಎಂಟನೇ ಒಂದು ಭಾಗಕ್ಕಿಂತಲೂ ಹೆಚ್ಚು ಅದುಮುತ್ತದೆ. ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದಕ್ಕುತ್ತದೆ. ಎರಡನೆಯದು ಉಸಿರಾಟ: ಒಂದರ ಬದಲು ಎರಡು ಕಾರ್ಬ್ಯುರೇಟರು, ವಾಲ್ವುಗಳನ್ನು ಇನ್ನಷ್ಟು ಹೊತ್ತು ತೆರೆದಿಡುವ ಕ್ಯಾಮು. ಹೀಗೆ 50ರ ಆಸುಪಾಸಿನ ಅಶ್ವಶಕ್ತಿ 70ರ ಹತ್ತಿರಕ್ಕೆ ಬಂತು. ಮೂರನೆಯದು ತೂಕ. ಅಂಬಾಸಿಡರು 1,100 ಕಿಲೋಗೂ ಹೆಚ್ಚು ತೂಗಿದರೆ ಎಂಜಿ-ಎ ಸುಮಾರು 900 ಕಿಲೋ. ಒಂದು ಅಶ್ವಶಕ್ತಿ ಅಲ್ಲಿ 22 ಕಿಲೋ ಎಳೆಯಬೇಕು, ಇಲ್ಲಿ 13. ಅದೇ ಎತ್ತು, ಹಗುರವಾದ ಬಂಡಿ. ಎಂಜಿ ಎಂಬ ಹೆಸರೇ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್‌ನಿಂದ ಬಂದದ್ದು. ಅಲ್ಲಿ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಮಾಡಿದ ಕೆಲಸವೂ ಇಷ್ಟೇ. ಸಾಮಾನ್ಯ ಮಾರಿಸ್ ಕಾರುಗಳ ಚಾಸಿಗೆ ಹಗುರವಾದ, ಚೆಂದದ ಮೈ ಕಟ್ಟಿಸಿದರು. ದುಬಾರಿ ಯಂತ್ರವಿಲ್ಲದೆಯೂ ಓಡಿಸುವ ಸುಖ ಸಿಗುತ್ತದೆ ಎಂದು ತೋರಿಸಿದ ಆ ಬುದ್ಧಿವಂತಿಕೆಯನ್ನು ನಾನು ತುಂಬ ಮೆಚ್ಚುತ್ತೇನೆ.

ಈ ಕಾರುಗಳ ಎಸ್‌ಯು ಕಾರ್ಬ್ಯುರೇಟರಿಗೂ ಒಂದು ಕಥೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದ ಸ್ಕಿನ್ನರ್ ಸಹೋದರರು ಬೂಟು ಚಪ್ಪಲಿಗಳ ವ್ಯಾಪಾರದ ಮನೆತನದವರು. ಮೊದಲ ಕಾರ್ಬ್ಯುರೇಟರುಗಳಲ್ಲಿ ಇದ್ದದ್ದು ಚರ್ಮದ ತಿದಿ. ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು, ತತ್ವ ಬದಲಾಗಲಿಲ್ಲ.

ಆ ತತ್ವ ಹೀಗಿದೆ. ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲಿ ಒಂದು ಕಡೆ ಕಿರಿದಾದ ಕುತ್ತಿಗೆ ಇರುತ್ತದೆ. ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಜಾಗಕ್ಕೆ ಸಣ್ಣ ರಂಧ್ರದಿಂದ ಪೆಟ್ರೋಲು ತಾನಾಗಿ ಚಿಮ್ಮುತ್ತದೆ. ಎಲ್ಲ ಕಾರ್ಬ್ಯುರೇಟರುಗಳೂ ಇಷ್ಟನ್ನು ಮಾಡುತ್ತವೆ. ತೊಡಕು ಬರುವುದು ಕುತ್ತಿಗೆಯ ಅಗಲದಲ್ಲಿ. ನಿಂತ ಕಾರಿಗೆ ಅದು ಕಿರಿದಾಗಿರಬೇಕು, ಓಡುವ ಕಾರಿಗೆ ಅಗಲವಾಗಿರಬೇಕು. ನಿಮಿಷಕ್ಕೆ 5,000 ಸುತ್ತು ತಿರುಗುವ 1489 ಸಿಸಿ ಎಂಜಿನ್ನು, ಎರಡು ಸುತ್ತಿಗೆ ಒಮ್ಮೆ ಎದೆ ತುಂಬಿಕೊಂಡರೂ, ನಿಮಿಷಕ್ಕೆ 3,700 ಲೀಟರು ಗಾಳಿ ಕೇಳುತ್ತದೆ. ಸುಮ್ಮನೆ ನಿಂತಾಗ ಬೇಕಾಗುವುದು ಅದರ ಚೂರು ಮಾತ್ರ.

ಎಸ್‌ಯು ಕಾರ್ಬ್ಯುರೇಟರಿನಲ್ಲಿ ಕುತ್ತಿಗೆಯೇ ಏರಿಳಿಯುತ್ತದೆ. ಗಾಳಿಯ ಎಳೆತ ಹೆಚ್ಚಿದರೆ ಒಂದು ಪಿಸ್ಟನ್ ಮೇಲೇರಿ ದಾರಿ ಅಗಲ ಮಾಡುತ್ತದೆ, ಎಳೆತ ತಗ್ಗಿದರೆ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ಕುತ್ತಿಗೆಯ ಒತ್ತಡ ಹೆಚ್ಚುಕಡಿಮೆ ಒಂದೇ ಸಮ ಉಳಿಯುತ್ತದೆ. ಆ ಪಿಸ್ಟನ್ನಿನ ತಳಕ್ಕೆ ತುದಿಯತ್ತ ಸಣ್ಣಗಾಗುವ ಹಿತ್ತಾಳೆಯ ಸೂಜಿಯೊಂದು ತೂಗುತ್ತದೆ. ಅದು ಪೆಟ್ರೋಲಿನ ರಂಧ್ರದೊಳಗೆ ಇಳಿದಿರುತ್ತದೆ. ಪಿಸ್ಟನ್ ಏರಿದಷ್ಟೂ ಸೂಜಿಯ ಸಪೂರ ಭಾಗ ರಂಧ್ರಕ್ಕೆ ಬಂದು ಪೆಟ್ರೋಲಿಗೆ ಹೆಚ್ಚು ಜಾಗ ಬಿಡುತ್ತದೆ. ಯಾವ ವೇಗಕ್ಕೆ ಎಷ್ಟು ಇಂಧನ ಎಂಬ ಇಡೀ ಲೆಕ್ಕವನ್ನು ಬೆರಳುದ್ದದ ಒಂದು ಸೂಜಿಯ ಮೈಯಲ್ಲಿ ಅರೆದು ಬರೆದಿಟ್ಟಿದ್ದಾರೆ. ಇಂದಿನ ಕಾರಿನಲ್ಲಿ ಕಂಪ್ಯೂಟರು ಮಾಡುವ ಕೆಲಸವನ್ನು ಆ ಸೂಜಿ ಮಾಡುತ್ತಿತ್ತು.

ಇದನ್ನು ಸರಿಹೊಂದಿಸಲು ಕಿವಿ ಬೇಕು. ಆಮೇಲೆ ಎಂಜಿನ್ನು ಹಿಡಿದಾಗ ಉಂಡವಳ್ಳಿಯ ಮಿಸ್ತ್ರಿ ಒಂದು ಗೇಣುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಒಮ್ಮೆ ಈ ಕಾರ್ಬ್ಯುರೇಟರಿನ ಬಾಯಿಗೆ, ಒಮ್ಮೆ ಆ ಕಾರ್ಬ್ಯುರೇಟರಿನ ಬಾಯಿಗೆ ಹಿಡಿದರು. ಎರಡರ ಸೀಟಿ ಒಂದೇ ಶ್ರುತಿಗೆ ಬರುವವರೆಗೆ ಸ್ಕ್ರೂ ತಿರುಗಿಸಿದರು. ಅದು ಗಾಳಿಯ ಲೆಕ್ಕ. ಪೆಟ್ರೋಲಿನ ಲೆಕ್ಕಕ್ಕೆ ಪಿಸ್ಟನ್ನನ್ನು ಕೂದಲೆಳೆಯಷ್ಟು, ಒಂದು ಮಿಲಿಮೀಟರಿಗೂ ಕಡಿಮೆ, ಎತ್ತಬೇಕು. ಎಂಜಿನ್ನಿನ ಸದ್ದು ಏರಿ ಅಲ್ಲೇ ನಿಂತರೆ ಪೆಟ್ರೋಲು ಹೆಚ್ಚು. ಸತ್ತುಹೋಗುವಂತೆ ಕುಸಿದರೆ ಕಡಿಮೆ. ಕ್ಷಣ ಏರಿ ಮತ್ತೆ ತನ್ನ ಜಾಗಕ್ಕೆ ಬಂದರೆ ಸರಿ. ಅದನ್ನು ಮಾಡುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು.

ಇನ್ನು ಕಾರು ಮುನಿಸಿಕೊಂಡ ಕಾರಣಕ್ಕೆ ಬರೋಣ. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಕೊಳವೆ, ಹೊಗೆ ಹೊರಬರುವ ಕೊಳವೆ ಎರಡೂ ಒಂದೇ ಮಗ್ಗುಲಿಗಿವೆ. ಚಳಿಯ ಇಂಗ್ಲೆಂಡಿನಲ್ಲಿ ಇದರಿಂದ ಉಪಕಾರವೇ, ಪೆಟ್ರೋಲು ಬೇಗ ಆವಿಯಾಗುತ್ತದೆ. ಉಂಡವಳ್ಳಿಯ ಏಪ್ರಿಲ್ಲಿನಲ್ಲಿ ಅದೇ ಶತ್ರು. ಓಡುವಾಗ ಎದುರುಗಾಳಿ ಬಿಸಿಯನ್ನು ಒಯ್ಯುತ್ತದೆ. ನಿಂತ ಕೂಡಲೇ ಗಾಳಿ ನಿಂತಿತು, ಕಾದ ಹೊಗೆಕೊಳವೆಯ ಬಿಸಿಯೆಲ್ಲ ಮೇಲಿನ ಬಟ್ಟಲುಗಳಿಗೆ ಏರಿತು. ಪೆಟ್ರೋಲು ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಬಟ್ಟಲಿನ ಪೆಟ್ರೋಲು ಕುದಿದು ಗುಳ್ಳೆಯಾಯಿತು. ಪಂಪು ಎಷ್ಟು ತಳ್ಳಿದರೂ ಬಟ್ಟಲು ತುಂಬಲಿಲ್ಲ. ಅದಕ್ಕೇ ಆ ನಿಲ್ಲದ ಟಿಕ್ ಟಿಕ್. ಒದ್ದೆ ಗೋಣಿಯಿಂದ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಬಟ್ಟಲಿನಿಂದಲೇ ಎಳೆದುಕೊಳ್ಳುತ್ತದೆ. ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಬಯಲು ಸೀಮೆಯ ಒಣ ಗಾಳಿಯಲ್ಲಿ ಈ ಉಪಾಯ ಮಂಗಳೂರಿನಲ್ಲಿ ಫಲಿಸುವುದಕ್ಕಿಂತ ಬೇಗ ಫಲಿಸುತ್ತದೆ.

ರೇಡಿಯೇಟರಿನದೂ ಇಂಥದೇ ಪಾಡು. ಒಳಗಿನ ನೀರು 85 ಡಿಗ್ರಿ, ಹೊರಗಿನ ಗಾಳಿ 15 ಡಿಗ್ರಿ ಇದ್ದರೆ ಅಂತರ 70. ಹೊರಗೆ 43 ಡಿಗ್ರಿ ಇದ್ದರೆ ಅಂತರ 42. ಶಾಖ ಹರಿಯುವುದು ಈ ಅಂತರವನ್ನು ನಂಬಿಕೊಂಡು. ಅಂದರೆ ಅದೇ ರೇಡಿಯೇಟರು ಇಲ್ಲಿ ಇಂಗ್ಲೆಂಡಿನ ಅರುವತ್ತು ಪ್ರತಿಶತ ಕೆಲಸವನ್ನಷ್ಟೇ ಮಾಡಬಲ್ಲದು. ಕಾದ ಗಾಳಿ ತೆಳು ಕೂಡ. 15 ಡಿಗ್ರಿಯಿಂದ 43ಕ್ಕೆ ಏರಿದರೆ ಒಂದು ಲೀಟರ್ ಗಾಳಿಯ ತೂಕ ಸುಮಾರು 9 ಪ್ರತಿಶತ ಇಳಿಯುತ್ತದೆ, ಎಂಜಿನ್ನಿನ ಬಲವೂ ಅಷ್ಟು ಇಳಿಯುತ್ತದೆ. ನಮ್ಮಲ್ಲಿ ಹಳೆಯ ಎಂಜಿ ಇಟ್ಟುಕೊಳ್ಳುವವರು ಹೊಳಪಿನ ಬಣ್ಣಕ್ಕೆ ಸುರಿಯುವ ದುಡ್ಡಿನ ಕಾಲುಭಾಗವನ್ನು ರೇಡಿಯೇಟರಿನ ಒಳಗಣ ಕಿಟ್ಟ ತೆಗೆಸುವುದಕ್ಕೆ, ಹೊಗೆಕೊಳವೆ ಮತ್ತು ಕಾರ್ಬ್ಯುರೇಟರಿನ ನಡುವೆ ತಗಡಿನ ಮರೆ ಕಟ್ಟಿಸುವುದಕ್ಕೆ ಇಟ್ಟರೆ ಒಳ್ಳೆಯದು.

ಈ ಬಿಸಿಯ ಕಾಟಕ್ಕೆ ಈಗ ಎಥನಾಲ್ ಸೇರಿಕೊಂಡಿದೆ. ನಮ್ಮ ಬಂಕುಗಳಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು, ಏಕೆಂದರೆ ಅದು ಸ್ವಲ್ಪ ಆಮ್ಲಜನಕವನ್ನು ತನ್ನೊಳಗೇ ಹೊತ್ತು ತರುತ್ತದೆ. ಹೊಸ ಕಾರಿನ ಕಂಪ್ಯೂಟರು ಇದನ್ನು ಗ್ರಹಿಸಿ ಇಂಧನ ಹೆಚ್ಚಿಸುತ್ತದೆ. ಹಿತ್ತಾಳೆಯ ಸೂಜಿಗೆ ಅದು ತಿಳಿಯದು. 1955ರ ಪೆಟ್ರೋಲಿಗೆಂದು ಅರೆದ ಸೂಜಿ ಅಷ್ಟನ್ನೇ ಬಿಡುತ್ತದೆ, ಮಿಶ್ರಣ ಬಡವಾಗುತ್ತದೆ, ಎಂಜಿನ್ನು ಇನ್ನಷ್ಟು ಕಾಯುತ್ತದೆ. ಜೆಟ್ಟನ್ನು, ಅಂದರೆ ಸೂಜಿ ಇಳಿದಿರುವ ಪೆಟ್ರೋಲಿನ ರಂಧ್ರವನ್ನು, ಸ್ವಲ್ಪ ಕೆಳಗಿಳಿಸುವುದೋ, ಇನ್ನೂ ಸಪೂರವಾದ ಸೂಜಿ ಹಾಕುವುದೋ ಇದಕ್ಕೆ ಪರಿಹಾರ. ಸಣ್ಣ ಪ್ರಮಾಣದಲ್ಲಿ ಬೆರೆತ ಎಥನಾಲು ಮಿಶ್ರಣದ ಆವಿಯ ಒತ್ತಡವನ್ನು ಏರಿಸುವುದರಿಂದ ಬಟ್ಟಲು ಕುದಿಯುವ ಕಾಟವೂ ಹೆಚ್ಚುತ್ತದೆ. ಹಳೆಯ ರಬ್ಬರ್ ಪೈಪುಗಳು ಎಥನಾಲಿನಲ್ಲಿ ಮೆದುವಾಗಿ ಬಿರಿಯುತ್ತವೆ. ಬಿರಿದ ಪೈಪು, ಕೆಂಪಗೆ ಕಾದ ಹೊಗೆಕೊಳವೆ ಎರಡೂ ಒಂದೇ ಮಗ್ಗುಲಲ್ಲಿವೆ ಎಂಬುದನ್ನು ಮರೆಯಬಾರದು. ಎಥನಾಲನ್ನು ತಾಳುವ ವೈಟನ್ ಒಳಪದರದ ಪೈಪು ಹಾಕಿಸುವುದನ್ನು ಮುಂದಿನ ತಿಂಗಳಿಗೆ ತಳ್ಳಬೇಡಿ. ತಿಂಗಳುಗಟ್ಟಲೆ ನಿಲ್ಲುವ ಕಾರಾದರೆ ಟ್ಯಾಂಕು ಖಾಲಿ ಮಾಡಿಡಿ. ಎಥನಾಲು ಗಾಳಿಯ ತೇವ ಹೀರುತ್ತದೆ, ಮಿತಿ ಮೀರಿದಾಗ ನೀರು ಮತ್ತು ಎಥನಾಲು ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಮೊದಲು ಎಳೆಯುವುದು ತಳದ್ದನ್ನೇ.

ಪೆಟ್ರೋಲಿನ ಮಾತು ಬಂದಾಗ ಸೀಸದ ವಿಷಯವನ್ನೂ ಹೇಳಬೇಕು. ಹಿಂದಿನ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ಎಂಜಿನ್ನು ಕುಟ್ಟುವುದನ್ನು ತಡೆಯುತ್ತಿತ್ತು, ಜೊತೆಗೆ ವಾಲ್ವು ಕೂರುವ ಜಾಗದ ಮೇಲೆ ತೆಳು ಲೇಪವಾಗಿ ನಿಲ್ಲುತ್ತಿತ್ತು. ಎಂಜಿ-ಎ ಕಾರಿನ ತಲೆಭಾಗ ಬೀಡುಕಬ್ಬಿಣದ್ದು, ವಾಲ್ವಿನ ಸೀಟನ್ನು ಅದರಲ್ಲೇ ಕಡೆದಿದ್ದಾರೆ. ಲೇಪ ಇಲ್ಲವಾದರೆ ಕಾದ ವಾಲ್ವು ಆ ಕಬ್ಬಿಣಕ್ಕೆ ಚುಕ್ಕೆಚುಕ್ಕೆಯಾಗಿ ಬೆಸೆದುಕೊಂಡು, ಏಳುವಾಗ ಕಣಗಳನ್ನು ಕಿತ್ತುಕೊಂಡು ಏಳುತ್ತದೆ. ಸೀಟು ತಗ್ಗುತ್ತ ಹೋಗುತ್ತದೆ. 2000ನೇ ಇಸವಿಯ ಫೆಬ್ರವರಿಯಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಅದು ಸರಿಯಾದ ತೀರ್ಮಾನ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿಯ ಮುಂದೆ ಯಾವ ಕಾರಿನ ವಾಲ್ವೂ ದೊಡ್ಡದಲ್ಲ. ಲೇತಿನವರ ಹತ್ತಿರ ಗಟ್ಟಿ ಉಕ್ಕಿನ ಸೀಟು ಕೂರಿಸಿದರೆ ಈ ತೊಂದರೆ ತೀರುತ್ತದೆ.

ನಾವು ಕೂತಿದ್ದ ಶೆಡ್ಡಿನಾಚೆ ಹೊಲ. ಮಹಬೂಬನಗರದ ಸೀಮೆ ಔಡಲಕ್ಕೆ ಹೆಸರಾದದ್ದು. ದಕ್ಷಿಣ ಕರ್ನಾಟಕದವರು ಹರಳು ಎನ್ನುವ ಅದೇ ಗಿಡ. ಸ್ಪೋರ್ಟ್ಸ್ ಕಾರಿಗೂ ಈ ಗಿಡಕ್ಕೂ ಇರುವ ನಂಟನ್ನು ಹೇಳದೆ ಮುಂದೆ ಹೋಗಲಾರೆ.

1909ರಲ್ಲಿ ಲಂಡನ್ನಿನ ವೇಕ್‌ಫೀಲ್ಡ್ ಕಂಪನಿ ಒಂದು ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಔಡಲಕ್ಕೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್. ಆ ಎಣ್ಣೆಯಲ್ಲಿ ಔಡಲೆಣ್ಣೆ ಬೆರೆತಿತ್ತು. ಔಡಲೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚೂಕಡಿಮೆ 90 ಪ್ರತಿಶತ ರಿಸಿನೊಲಿಕ್ ಆಮ್ಲ. ಹದಿನೆಂಟು ಇಂಗಾಲದ ಸರಪಳಿಯಲ್ಲಿ ಹನ್ನೆರಡನೆಯದಕ್ಕೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ ಅಂಟಿಕೊಂಡಿದೆ. ಸೇಂಗಾ ಎಣ್ಣೆಯಲ್ಲಿ, ಕುಸುಬೆ ಎಣ್ಣೆಯಲ್ಲಿ ಈ ಜೋಡಿ ಇಲ್ಲ. ಅದು ಪಕ್ಕದ ಅಣುವನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಔಡಲೆಣ್ಣೆ ಅಷ್ಟು ಮಂದ. ಲೋಹದ ಮೈಯನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಬೇರೆ ಎಣ್ಣೆ ನೀರಾಗಿ ಜಾರುವ ಬಿಸಿಯಲ್ಲೂ ಇದು ಬೇರಿಂಗನ್ನು ಬಿಡುವುದಿಲ್ಲ. ಅಜ್ಜಿಯರು ಬಂಡಿಯ ಕೀಲಿಗೆ, ಮಗುವಿನ ನೆತ್ತಿಗೆ ಹಚ್ಚುತ್ತಿದ್ದ ಎಣ್ಣೆ ರೇಸಿನ ಎಂಜಿನ್ನುಗಳಿಗೆ, ಮೊದಲ ಮಹಾಯುದ್ಧದ ವಿಮಾನಗಳಿಗೆ ಹೋಯಿತು. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದಿರುವುದು ಆ ವಿಮಾನಗಳಿಗೆ ಇನ್ನೊಂದು ಅನುಕೂಲವಾಗಿತ್ತು. ಆರಂಭದ ಹೈಡ್ರಾಲಿಕ್ ಬ್ರೇಕುಗಳ ದ್ರವದಲ್ಲೂ ಔಡಲೆಣ್ಣೆಯೇ ಇತ್ತು, ಏಕೆಂದರೆ ಅದು ಸಹಜ ರಬ್ಬರನ್ನು ಕೆಡಿಸುವುದಿಲ್ಲ, ಖನಿಜ ಎಣ್ಣೆ ಕೆಡಿಸುತ್ತದೆ.

ಹಾಗೆಂದು ಇವತ್ತು ನಿಮ್ಮ ಕಾರಿಗೆ ಔಡಲೆಣ್ಣೆ ಸುರಿಯಬೇಡಿ. ಅದು ಕಾದು ಕಾದು ಅಂಟಾಗುತ್ತದೆ. ರೇಸಿನವರು ಪ್ರತಿ ಓಟದ ನಂತರ ಬಸಿದು ಎಂಜಿನ್ನು ಬಿಚ್ಚುತ್ತಿದ್ದರು, ನಮ್ಮಿಂದ ಅದು ಆಗದು. ಇಂಥ ಎಂಜಿನ್ನಿಗೆ ಹೊಂದುವುದು 20ಡಬ್ಲ್ಯೂ-50 ಎಣ್ಣೆ, ಹೆದ್ದಾರಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಡಬ್ಬಿಯ ಮೇಲೆ ಸತುವಿನ ಅಂಶ ಎಷ್ಟಿದೆ ನೋಡಿಕೊಳ್ಳಿ. ಈ ಎಂಜಿನ್ನುಗಳಲ್ಲಿ ಕ್ಯಾಮು ಮತ್ತು ಟ್ಯಾಪೆಟ್ಟು ಒಂದರ ಮೇಲೊಂದು ಉಜ್ಜುತ್ತವೆ, ಉರುಳುವುದಿಲ್ಲ. ಆ ಉಜ್ಜಾಟದಿಂದ ಕಾಪಾಡುವುದು ಸತು ಮತ್ತು ರಂಜಕದ ಸಂಯುಕ್ತ. ಹೊಸ ಕಾರುಗಳ ಹೊಗೆ ಶುದ್ಧಿ ಮಾಡುವ ಉಪಕರಣ ಕೆಡಬಾರದೆಂದು ಇಂದಿನ ತೆಳು ಎಣ್ಣೆಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ.

ಬಂಧುಬಳಗ ಇಷ್ಟಕ್ಕೇ ಮುಗಿಯುವುದಿಲ್ಲ. ಕಾವೆಂಟ್ರಿಯ ಸ್ಟ್ಯಾಂಡರ್ಡ್ ಕಂಪನಿ ಎರಡನೆಯ ಮಹಾಯುದ್ಧದ ನಂತರ ಮಾಡಿದ ವ್ಯಾನ್‌ಗಾರ್ಡ್ ಕಾರಿನ ಎಂಜಿನ್ನೇ ಚಿಕ್ಕಪುಟ್ಟ ಬದಲಾವಣೆಯೊಡನೆ ಫರ್ಗ್ಯುಸನ್ ಟ್ರ್ಯಾಕ್ಟರಿಗೆ ಹೋಯಿತು, 1953ರಲ್ಲಿ ಟ್ರಯಂಫ್ ಟಿಆರ್-2 ಸ್ಪೋರ್ಟ್ಸ್ ಕಾರಿಗೂ ಬಂತು. ಎರಡು ಲೀಟರಿನ ರೇಸ್ ವರ್ಗಕ್ಕೆ ಹೊಂದಲೆಂದು ಸಿಲಿಂಡರನ್ನು 85ರಿಂದ 83 ಮಿಲಿಮೀಟರಿಗೆ ಇಳಿಸಿ 1991 ಸಿಸಿ ಮಾಡಿದರು. ಇದರ ಸಿಲಿಂಡರುಗಳು ಬ್ಲಾಕಿನಲ್ಲಿ ಕೊರೆದವಲ್ಲ, ಬೇರೆಯಾಗಿ ಇಳಿಸಿದ ಕೊಳವೆಗಳು. ಸುತ್ತ ನೀರು ನೇರವಾಗಿ ತಾಗುತ್ತದೆ, ಅದಕ್ಕೇ ವೆಟ್ ಲೈನರ್ ಎಂಬ ಹೆಸರು. ಸವೆದರೆ ಹಳೆಯದನ್ನು ಎಳೆದು ಹೊಸದನ್ನು ಕೂರಿಸಿದರಾಯಿತು, ಬೋರಿಂಗ್ ಮೆಷಿನ್ ಬೇಕಿಲ್ಲ. ಹೊಲದ ಬದುವಿನಲ್ಲಿ ರಿಪೇರಿಯಾಗಬೇಕಾದ ಯಂತ್ರಕ್ಕೆ ತಕ್ಕ ಗುಣ, ಟಿಆರ್-2 ಇಟ್ಟುಕೊಂಡವರಿಗೂ ಅದು ವರ.

ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಮಾಡಿದ ಹೆರಾಲ್ಡ್ ನಿಮಗೆ ನೆನಪಿರಬಹುದು. ಇಟಲಿಯ ಮಿಕೆಲೊಟ್ಟಿ ರೂಪಿಸಿದ, 948 ಸಿಸಿಯ ಪುಟ್ಟ ಕಾರು. ಬಾನೆಟ್ಟಿನ ಜೊತೆ ಮುಂಭಾಗವೆಲ್ಲ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು, ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದಿತ್ತು. ಇಂಗ್ಲೆಂಡಿನಲ್ಲಿ ಇದೇ ಚಾಸಿಯ ವಿನ್ಯಾಸವನ್ನು ಮೊಟಕುಮಾಡಿ, ಚಕ್ರಗಳ ನಡುವಿನ ಅಂತರವನ್ನು 2.32 ಮೀಟರಿನಿಂದ 2.11ಕ್ಕೆ ಇಳಿಸಿ, ಅದೇ ವಂಶದ 1147 ಸಿಸಿ ಎಂಜಿನ್ನು ಕೂರಿಸಿ 1962ರಲ್ಲಿ ತಂದದ್ದು ಟ್ರಯಂಫ್ ಸ್ಪಿಟ್‌ಫೈರ್. ಬೆಂಗಳೂರು, ಧಾರವಾಡದ ಓಣಿಗಳಲ್ಲಿ ಡಾಕ್ಟರು, ಮೇಷ್ಟ್ರು ಓಡಿಸುತ್ತಿದ್ದ ಹೆರಾಲ್ಡಿನ ತಮ್ಮ ಅದು.

ತುಕ್ಕಿನ ವಿಷಯದಲ್ಲಿ ಉಂಡವಳ್ಳಿಯಂಥ ಊರು ಪುಣ್ಯವಂತ. ಕಬ್ಬಿಣ ತುಕ್ಕಾಗಲು ಗಾಳಿ ಮತ್ತು ತೇವ ಎರಡೂ ಬೇಕು, ಉಪ್ಪಿದ್ದರೆ ಕೆಲಸ ಚುರುಕು. ಕರಾವಳಿಯಲ್ಲಿ ಮೂರೂ ಇವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಗುಳ್ಳೆ ಕಂಡರೆ ಒಳಗೆ ಅದರ ಹತ್ತರಷ್ಟು ಹೋಗಿದೆ ಎಂದೇ ತಿಳಿಯಿರಿ. ಎಂಜಿ-ಬಿ ಕಾರಿಗೆ ಬೇರೆ ಚಾಸಿ ಇಲ್ಲ, ಆ ಪಟ್ಟಿಗಳೇ ಅದರ ಬೆನ್ನೆಲುಬು. ಬಯಲು ಸೀಮೆಯ ಒಣಹವೆ ಉಕ್ಕನ್ನು ಉಳಿಸುತ್ತದೆ, ಬದಲಿಗೆ ರಬ್ಬರನ್ನೂ ಮರವನ್ನೂ ಬಿರಿಸುತ್ತದೆ. ಎಂಜಿ-ಎ ಕಾರಿನ ಕಾಲ ಕೆಳಗಿರುವುದು ಪ್ಲೈವುಡ್ ಹಲಗೆ. ಇನ್ನೂ ಹಳೆಯ ಎಂಜಿ-ಟಿಸಿ ಕಾರಿನ ಇಡೀ ಮೈ ಮರದ ಚೌಕಟ್ಟಿನ ಮೇಲೆ ನಿಂತಿದೆ. ಅದನ್ನು ಸರಿಮಾಡಲು ಬಡಗಿ ಬೇಕು.

ಪಾನಾ ವಿಷಯದಲ್ಲಿ ಎಚ್ಚರ. 1841ರಲ್ಲಿ ವಿಟ್‌ವರ್ತ್ ಹಾಕಿಕೊಟ್ಟ 55 ಡಿಗ್ರಿ ಕೋನದ ಮರೆಯ ಬೋಲ್ಟು ಒಂದು ಬಗೆ, ಬಿ-ಸೀರೀಸಿನ ಅಮೆರಿಕನ್ ಅಳತೆ ಇನ್ನೊಂದು. ಎಂಜಿ-ಟಿಸಿ ಎಂಜಿನ್ನಿನ ಬೋಲ್ಟುಗಳ ಮರೆ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್! ಮಾರಿಸ್ ಕಂಪನಿ 1923ರಲ್ಲಿ ಕೊಂಡ ಕಾವೆಂಟ್ರಿಯ ಕಾರ್ಖಾನೆ ಫ್ರೆಂಚ್ ಕಂಪನಿ ಹಾಚ್‌ಕಿಸ್‌ನದಾಗಿತ್ತು, ಯಂತ್ರಗಳೆಲ್ಲ ಮೆಟ್ರಿಕ್. ಕೈಗೆ ಸಿಕ್ಕ ಬೋಲ್ಟನ್ನು ಬಲವಂತವಾಗಿ ತಿರುಗಿಸಿ ಬ್ಲಾಕಿನ ಮರೆ ಕೆಡಿಸಿದ ಎಷ್ಟೋ ಎಂಜಿನ್ನುಗಳನ್ನು ನೋಡಿ ಸಂಕಟಪಟ್ಟಿದ್ದೇನೆ. ಬೆರಳಲ್ಲಿ ಮೂರು ಸುತ್ತು ಸಲೀಸಾಗಿ ಹೋಗದ ಬೋಲ್ಟಿಗೆ ಪಾನಾ ಹಚ್ಚಬೇಡಿ. ವೈರಿಂಗಿನಲ್ಲೂ ಅಷ್ಟೇ: ಎಂಜಿ-ಎ ಕಾರಿನಲ್ಲಿ ಬ್ಯಾಟರಿಯ ಪ್ಲಸ್ಸು ಚಾಸಿಗೆ, ಮೈನಸ್ಸು ತಂತಿಗೆ. ಇದು ಗೊತ್ತಿಲ್ಲದೆ ಹೊಸ ಉಪಕರಣ ಜೋಡಿಸಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಕಾನೂನು ಈಗ ಇಂಥ ಕಾರುಗಳಿಗೆ ಒಂದು ಜಾಗ ಕೊಟ್ಟಿದೆ. 2021ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ ವಿಎ ಎಂಬ ಅಕ್ಷರಗಳು, ಹತ್ತು ವರ್ಷದ ಅವಧಿ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಕಾರು ಉಳಿಯಲು ಇದು ಸಾಕು. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆಯ ಕಾರುಗಳ ಮುಂದೆ ಮಕ್ಕಳು ಬೆರಗಾಗಿ ನಿಲ್ಲುವುದನ್ನು ನೋಡಿದಾಗ ನನಗೆ ಸಂತೋಷವಾಗುತ್ತದೆ. ಆದರೆ ಎರಡು ಕಾರ್ಬ್ಯುರೇಟರಿನ ಸೀಟಿಯನ್ನು ಒಂದೇ ಶ್ರುತಿಗೆ ತರುವ ಕಿವಿಗೆ ಯಾವ ನೋಂದಣಿಯೂ ಇಲ್ಲ, ಯಾವ ಗಾಜಿನ ಪೆಟ್ಟಿಗೆಯೂ ಇಲ್ಲ. ಎಂಜಿ ಕಾರುಗಳ ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು, ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ನಿಂತಿತು. ಆ ಕಿವಿ ಉಳಿದಿರುವುದು ಉಂಡವಳ್ಳಿಯಂಥ ಊರುಗಳ ತಗಡಿನ ಶೆಡ್ಡುಗಳಲ್ಲಿ.

ಇಳಿಹೊತ್ತಿಗೆ ಗೋಣಿ ಒಣಗಿತ್ತು. ಮಿಸ್ತ್ರಿ ಗೆಳೆಯರಿಗೆ ಕೈಸನ್ನೆ ಮಾಡಿದರು. ಪಂಪು ಐದಾರು ಸಲ ಟಿಕ್ ಎಂದು ಸುಮ್ಮನಾಯಿತು, ಬಟ್ಟಲು ತುಂಬಿತ್ತು. ಎಂಜಿನ್ನು ಮೊದಲ ಸುತ್ತಿಗೇ ಹಿಡಿಯಿತು. ಈ ಕೆಲಸ ಯಾರಿಗಾದರೂ ಕಲಿಸಿದ್ದೀರಾ ಎಂದು ಕೇಳಿದೆ. "ಯಾರ್ ಕಲೀತಾರ್ರಿ ಸರ? ಕಾರ್ಬೋರೇಟ್ರು ಇರೋ ಗಾಡೀನೇ ಬರಂಗಿಲ್ಲ ಈಗ" ಅಂದರು.

ನಿಮ್ಮ ಮನೆಯ ಹಿತ್ತಲಲ್ಲಿ, ತೋಟದ ಮನೆಯಲ್ಲಿ 1489 ಸಿಸಿಯ ಪೆಟ್ರೋಲ್ ಅಂಬಾಸಿಡರೋ ಹೆರಾಲ್ಡೋ ನಿಂತಿದ್ದರೆ ಗುಜರಿಯವರನ್ನು ಕರೆಯುವ ಮೊದಲು ಒಂದು ಸಲ ಯೋಚಿಸಿ. ಡೀಸೆಲ್ಲಿನವು, ಆಮೇಲೆ ಬಂದ ಇಸುಜು ಎಂಜಿನ್ನಿನವು ಬೇರೆ. ಹಳೆಯ ಅಂಬಾಸಿಡರಿನ ಕೆಲವು ಭಾಗಗಳು ಎಂಜಿ ಕಾರಿಗೆ ನೇರವಾಗಿ ಕೂರುತ್ತವೆ, ಕೆಲವಕ್ಕೆ ಲೇತಿನ ಕೆಲಸ ಬೇಕು, ಎಲ್ಲವೂ ಯಾರಿಗೋ ಬೇಕಾದವೇ. ನಿಮ್ಮೂರಿನಲ್ಲಿ ಅವನ್ನು ರಿಪೇರಿ ಮಾಡಿದ ಮಿಸ್ತ್ರಿ ಇನ್ನೂ ಇದ್ದರೆ, ಒಂದು ಭಾನುವಾರ ಮೊಬೈಲು ಹಿಡಿದು ಅವರ ಪಕ್ಕ ಕೂತು, ಅವರ ಕೈಯನ್ನೂ ಮಾತನ್ನೂ ಪೂರ್ತಿ ಚಿತ್ರಿಸಿಕೊಳ್ಳಿ.